ಮೇಲ್ಹೊಟ್ಟೆಯ ನೋವು

ರೊಟ್ಟಿ ಇನ್ನೂ ಅರ್ಧ ಅಗಲವಾಗಿತ್ತು, ಅಷ್ಟರಲ್ಲಿ ಲಲಿತಾಳ ಕೈ ನಿಂತಿತು. ಒಂದು ಅಂಗೈ ಹಿಟ್ಟಿನ ಮೇಲೆ, ಇನ್ನೊಂದನ್ನು ನೆಲಕ್ಕೆ ಊರಿಕೊಂಡು ಹಾಗೇ ಬಾಗಿ ಕೂತಳು. ಎದೆಯ ಎಡಗಡೆ ಯಾರೋ ಹೆಬ್ಬೆರಳಿನಿಂದ ಒತ್ತಿ ಹಿಡಿದಂತಿತ್ತು. ಉಸಿರು ಒಳಗೆ ಹೋಗುತ್ತಿತ್ತು, ಆದರೆ ತಳ ಮುಟ್ಟುತ್ತಿರಲಿಲ್ಲ. ಹಂಚಿನ ಮೇಲಿದ್ದ ರೊಟ್ಟಿ ಕಂದಾಗಿ, ಅಂಚಿನಿಂದ ಹೊಗೆಯಾಡತೊಡಗಿತು.

ರೊಟ್ಟಿ ಬಡಿಯುವ ಸಪ್ಪಳ ನಿಂತದ್ದು ಮೊದಲು ತಿಳಿದದ್ದು ಮಗಳು ಮಲ್ಲೇಶ್ವರಿಗೆ. ನಾಲ್ಕನೆಯ ತರಗತಿಯ ಆ ಹುಡುಗಿ ಪಡಸಾಲೆಯಲ್ಲಿ ಎರಡನೇ ಜಡೆಗೆ ರಿಬ್ಬನ್ ಕಟ್ಟಿಕೊಳ್ಳುತ್ತಿದ್ದಳು. ರಿಬ್ಬನ್ ಹಲ್ಲಿನಲ್ಲಿ ಕಚ್ಚಿಕೊಂಡೇ ಒಲೆಯ ಹತ್ತಿರ ಓಡಿಬಂದಳು. ತಾಯಿಯನ್ನು ಮುಟ್ಟಲಿಲ್ಲ. ಹಂಚಿನ ಮೇಲಿನ ರೊಟ್ಟಿ ಎತ್ತಿ ಬುಟ್ಟಿಗೆ ಹಾಕಿದಳು, ಉರಿಯುವ ಕಟ್ಟಿಗೆಯನ್ನು ಹೊರಗೆ ಎಳೆದಳು, ಆಮೇಲೆ ಕುಕ್ಕರಗಾಲಲ್ಲಿ ಕೂತು ತಾಯಿಯ ಬೆನ್ನು ಏರಿಳಿಯುವುದನ್ನೇ ನೋಡಿದಳು.

"ಅವ್ವಾ."

"ಹ್ಞಾಂ... ತಡಿ."

"ಅವ್ವಾ, ಒಂದು ಕೇಳ್ಲಿ?"

"ಬ್ಯಾಡ," ಎಂದಳು ಲಲಿತಾ, ಅಷ್ಟು ಬೇಗ ಹೇಳಿದ್ದಕ್ಕೆ ತಾನೇ ಬೆಚ್ಚಿ. "ಜಡಿ ಹಾಕ್ಕೋ ಹೋಗು. ಬಸ್ಸಿಗಿ ಹೊತ್ತಾಗ್ತದ."

ಆ ಪ್ರಶ್ನೆ ಏನೆಂದು ತನಗೆ ಗೊತ್ತಿದೆ ಎಂದುಕೊಂಡಿದ್ದಳು ಲಲಿತಾ. ಓಣಿಯ ಆ ತುದಿಯ ಬಾಲಮ್ಮ ದೀಪಾವಳಿಯ ಮುಂದೆ ತೀರಿಕೊಂಡಿದ್ದಳು. ಬಾಲಮ್ಮನ ಮಗಳು ಶಾಲೆಯಲ್ಲಿ ಕೂರುವುದು ಮಲ್ಲಿಯ ಪಕ್ಕದಲ್ಲೇ. ಅಂದಿನಿಂದ ಮಲ್ಲಿ ಮಲಗುವಾಗ ತನ್ನ ಅಂಗೈಯನ್ನು ತಾಯಿಯ ಹೊಟ್ಟೆಯ ಮೇಲಿಟ್ಟು ಮಲಗುತ್ತಾಳೆ. ಅದು ಪ್ರೀತಿಗೆ ಇಟ್ಟ ಕೈಯಲ್ಲ, ಕಾವಲಿಗೆ ಇಟ್ಟದ್ದು. ಕೂಸು ಬಾಯಿಬಿಟ್ಟು ಕೇಳಿದರೆ ಏನು ಹೇಳುವುದು? ತನಗೆ ಏನಾಗಿದೆ ಎಂದು ಇದುವರೆಗೆ ಯಾರೂ ಲಲಿತಾಳಿಗೆ ಹೇಳಿರಲಿಲ್ಲ.

"ಲೇ ಲಲಿತಾ, ರೊಟ್ಟಿ ಕಮರು ವಾಸ್ನಿ ಬರಾಕತ್ತದ!" ಅಂಗಳದಿಂದ ಅತ್ತೆ ಬೂದೆಮ್ಮನ ದನಿ ಬಂತು. "ಇದ್ದಿಯೋ ಸತ್ತಿಯೋ?"

ಬೂದೆಮ್ಮ ಕುರಿಮರಿಗೆ ಹಾಲು ಕುಡಿಸುತ್ತಿದ್ದ ಬಾಟಲಿ ಹಿಡಿದುಕೊಂಡೇ ಒಳಗೆ ಬಂದಳು. ಸೊಸೆಯ ಮುಖ ನೋಡಿ ಬಾಟಲಿಯನ್ನು ಗೋಡೆಗೆ ಒರಗಿಸಿದಳು. "ಸರಿ ಅತ್ಲಾಗ," ಎಂದು ಅವಳನ್ನು ಮೊಣಕೈಯಿಂದ ತಳ್ಳಿ, ಅರ್ಧಕ್ಕೆ ನಿಂತ ರೊಟ್ಟಿಯನ್ನು ತಾನೇ ಬಡಿಯತೊಡಗಿದಳು. ಮುದುಕಿಯ ಬಡಿತದಲ್ಲಿ ಸಿಟ್ಟಿತ್ತು. ಆದರೆ ಬುತ್ತಿಗೆ ಕಟ್ಟುವಾಗ ಬೆಂದ ರೊಟ್ಟಿಗಳಲ್ಲಿ ಮೆತ್ತಗಿದ್ದವನ್ನೇ ಆರಿಸಿ ಸೊಸೆಯ ಗಂಟಿಗೆ ಹಾಕಿದಳು.

ಇದು ಶುರುವಾದದ್ದು ಮಳೆಗಾಲದಲ್ಲಿ. ಕಾಲುವೆಯ ದಂಡೆ ಹತ್ತುವಾಗ ಕೊಡ ಇಳಿಸಿ ನಿಲ್ಲಬೇಕಾಯಿತು. ಆಮೇಲೆ ಅಂಗಳ ಗುಡಿಸುವಾಗ ನಿಲ್ಲಬೇಕಾಯಿತು. ಈಗ ಚಾಪೆಯ ಮೇಲೆ ಅಂಗಾತ ಮಲಗಿದರೂ ಎದೆಯ ಮೇಲೆ ಜೋಳದ ಚೀಲ ಹೇರಿದಂತಾಗುತ್ತದೆ, ಎದ್ದು ಗೋಡೆಗೊರಗಿ ಕೂತರೆ ಚೀಲ ಸರಿಯುತ್ತದೆ. ಲಲಿತಾ ಇದನ್ನು ಹೇಳಿದ್ದು ಅತ್ತೆಯ ಮುಂದೆ ಮಾತ್ರ. ಗಂಡ ಸಾಬಣ್ಣ ಕುರಿ ಹೊಡೆದುಕೊಂಡು ಮಾನ್ವಿ ಕಡೆ ಹೋಗಿದ್ದ. ಭತ್ತ ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಕುರಿ ಕೂರಿಸುವ ಕಾಲ ಅದು, ಕುರಿಹಟ್ಟಿ ಪೋತ್ನಾಳದ ಹತ್ತಿರ ಇತ್ತು. ಹಾಗಾಗಿ ದವಾಖಾನೆಯ ಮಾತು ಅತ್ತೆಯಿಂದ ಭಾವನಿಗೆ ಹೋಗಬೇಕು.

ಭಾವ ಅಯ್ಯಪ್ಪ, ಸಾಬಣ್ಣನ ಅಣ್ಣ. ಊರಿನವರು ಅವನನ್ನು ದವಾಖಾನಿ ಅಯ್ಯಪ್ಪ ಎಂದೇ ಕರೆಯುತ್ತಾರೆ. ಹೆಂಡತಿ ಕಾಮಾಲೆಯಲ್ಲಿ ಹೋದ ಮೇಲೆ ಅವನು ಯಾರಿಗೆ ಜ್ವರ ಬಂದರೂ, ಯಾರ ಕಾಲು ಮುರಿದರೂ ಬಿಳಿ ಅಂಗಿ ತೊಟ್ಟು ಜೊತೆಗೆ ಹೊರಡುತ್ತಾನೆ. ಯಾವ ಬಾಗಿಲಲ್ಲಿ ಚೀಟಿ ಮಾಡಿಸಬೇಕು, ಯಾವ ನರ್ಸಮ್ಮನಿಗೆ ಅಕ್ಕಾ ಎನ್ನಬೇಕು, ಡಾಕ್ಟರ ಮುಂದೆ ಹೇಗೆ ನಿಲ್ಲಬೇಕು, ಎಲ್ಲ ಅವನಿಗೆ ಗೊತ್ತು. ರೋಗಿಗಳು ಬಾಯಿ ತೆರೆಯುವ ಪ್ರಸಂಗವೇ ಬರುವುದಿಲ್ಲ. ದೇವದುರ್ಗದಲ್ಲಿ ಬಸ್ಸಿಳಿದು ದವಾಖಾನೆ ಸೇರುವ ಮೊದಲೇ ಅರ್ಧ ಊರಿನ ಬೇನೆ ಅವನ ಬಾಯಲ್ಲಿ ಸಿದ್ಧವಾಗಿರುತ್ತಿತ್ತು.

ತಮ್ಮನ ಹೆಂಡತಿಯ ಎದೆಯ ಮಾತನ್ನು ಹಿರಿಮಗನ ಮುಂದೆ ಹೇಗೆ ಆಡುವುದು? ಬೂದೆಮ್ಮ ಒಂದು ದಿನವೆಲ್ಲ ಯೋಚಿಸಿದ್ದಳು. ಕೊನೆಗೆ, "ಅಕಿಗಿ ಮ್ಯಾಲ್‌ಹೊಟ್ಟ್ಯಾಗ ಬ್ಯಾನಿ ಅಂತಪ್ಪ," ಎಂದಿದ್ದಳು. ದೇವದುರ್ಗದ ಡಾಕ್ಟರು ಗ್ಯಾಸ್ ಎಂದು ಗುಳಿಗೆ ಕೊಟ್ಟರು. ಮಾನ್ವಿಯ ಡಾಕ್ಟರು ಒಂದು ಇಸಿಜಿ ತೆಗೆಸಿ, ನಾರ್ಮಲ್ ಎಂದು ಅದೇ ಗುಳಿಗೆಯನ್ನು ಬೇರೆ ಬಣ್ಣದಲ್ಲಿ ಕೊಟ್ಟರು. ಎರಡೂ ಕಡೆ ಅಯ್ಯಪ್ಪ ಮಾತಾಡಿದ. ಲಲಿತಾ ಸೆರಗು ಮುಂದೆಳೆದು ಗೋಡೆಯ ಪಕ್ಕ ನಿಂತಿದ್ದಳು. ಆ ಮನೆಗೆ ಬಂದು ಹತ್ತು ವರ್ಷವಾದರೂ ಅವಳು ಭಾವನ ಎದುರು ಒಂದು ಮಾತಾಡಿದವಳಲ್ಲ. ಅವನು ಬಂದರೆ ಒಳಗೆ ಸರಿಯಬೇಕು, ಏನಾದರೂ ಹೇಳುವುದಿದ್ದರೆ ಕೂಸಿನ ಕೈಲಿ ಹೇಳಿಸಬೇಕು. ಭಾವನೂ ಹಾಗೆಯೇ. ಅದಕ್ಕೇ ದವಾಖಾನೆಗೆ ಹೊರಟಾಗಲೆಲ್ಲ ಮಲ್ಲಿಯ ಶಾಲೆ ತಪ್ಪುತ್ತಿತ್ತು. ಇವತ್ತು ರಾಯಚೂರಿನ ದವಾಖಾನೆಗೆ ಹೊರಟಾಗಲೂ ತಪ್ಪಿತು.

ದೇವದುರ್ಗದ ಬಸ್ ನಿಲ್ದಾಣದಲ್ಲಿ ರಾಯಚೂರಿನ ಬಸ್ಸು ಹೊಗೆ ಬಿಡುತ್ತ ನಿಂತಿತ್ತು. ಅಯ್ಯಪ್ಪ ಕಿಟಕಿಯೊಳಗಿಂದ ಟವಲು ಎಸೆದು ಸೀಟು ಹಿಡಿದ. ತಾಯಿ ಮಗಳನ್ನು ಅಲ್ಲಿ ಕೂರಿಸಿ, ತಾನು ಅವರ ಮುಂದಿನ ಸಾಲಿನಲ್ಲಿ ಕೂತ. ಮೊಣಕಾಲ ಮೇಲೆ ರಿಪೋರ್ಟುಗಳ ಪ್ಲಾಸ್ಟಿಕ್ ಕವರು ಇತ್ತು. ಬಸ್ಸು ಗಬ್ಬೂರು ದಾಟುವಷ್ಟರಲ್ಲಿ ಅವನ ಮೊಬೈಲು ಹಾಡತೊಡಗಿತು.

"ಹ್ಞಾಂ ಸಾಬಣ್ಣ, ಬಸ್ಸಿನ್ಯಾಗ ಅದೀವಿ... ಆರಾಮ ಅದಾಳ, ಆರಾಮ... ತಡಿ, ಕೇಳ್ತೀನಿ." ಅಯ್ಯಪ್ಪ ತಲೆ ತಿರುಗಿಸದೆ, ಭುಜದ ಮೇಲಿಂದ ಹೇಳಿದ. "ಮಲ್ಲಿ, ನಿಮ್ಮವ್ವಗ ಕೇಳು, ಹ್ಯಾಂಗನಸ್ತದಂತ, ನಿಮ್ಮಪ್ಪ ಕೇಳಾಕತ್ಯಾನ."

"ಅವ್ವಾ, ಹ್ಯಾಂಗನಸ್ತದಂತ."

ಒಂದು ಮೊಳ ದೂರದಲ್ಲಿ ಎಲ್ಲ ಕೇಳಿಸಿಕೊಂಡಿದ್ದ ಲಲಿತಾ, "ಪರವಾಗಿಲ್ಲ ಅನ್ನು," ಎಂದಳು.

"ಪರವಾಗಿಲ್ಲಂತ ದೊಡ್ಡಪ್ಪ."

"ಪರವಾಗಿಲ್ಲಂತಪ್ಪ," ಎಂದ ಅಯ್ಯಪ್ಪ ಫೋನಿಗೆ. ಆ ಕಡೆಯಿಂದ ಸಾಬಣ್ಣನ ದನಿ, ಅದರ ಹಿಂದೆ ಕುರಿಗಳ ಒದರಾಟ, ಬಸ್ಸಿನಲ್ಲಿದ್ದವರಿಗೆಲ್ಲ ಕೇಳುತ್ತಿತ್ತು. ಹಟ್ಟಿಯ ಜೊತೆಗಾರ ಸಿದ್ರಾಮನ ಹೆಂಡತಿ ಬಾಣಂತನಕ್ಕೆ ತವರಿಗೆ ಹೊರಟಿದ್ದಾಳೆ. ಕುರಿಹಟ್ಟಿಯಲ್ಲಿ ಅಡುಗೆಗೆ ಹೆಣ್ಣಾಳಿಲ್ಲ. ಸೋಮವಾರ ಹಟ್ಟಿ ಎತ್ತಿ ಮುಂದಿನ ಊರಿಗೆ ನಡೆಯಬೇಕು. ಲಲಿತಾ ಬಂದರೆ ಆಸರೆ.

"ಬರ್ತಾಳ ಬಿಡೋ. ರಾಯಚೂರಾಗ ಒಂದು ಸಲ ತೋರ್ಸಿ ಮನಸ್ಸಿನಾಗಿಂದು ತಗದು ಹಾಕಿದ್ರ ಮುಗೀತು." ಫೋನು ಕಿಸೆಗಿಟ್ಟು ಅಯ್ಯಪ್ಪ ಮತ್ತೆ ಭುಜದ ಮೇಲಿಂದ ಮಾತಾಡಿದ. "ಮಲ್ಲಿ, ನಿಮ್ಮವ್ವಗ ಹೇಳು, ಈ ಡಾಕ್ಟರಮ್ಮ ಭಾಳ ಶ್ಯಾಣ್ಯಾಕಿ. ಅಕಿನೂ ನಾರ್ಮಲ್ ಅಂದ್ರ ಸೋಮವಾರ ನಾನ ಪೋತ್ನಾಳಕ್ಕ ಬಿಟ್ಟು ಬರ್ತೀನಿ ಅಂತ."

"ಅವ್ವಾ, ಡಾಕ್ಟರಮ್ಮ ನಾರ್ಮಲ್ ಅಂದ್ರ..."

"ಕೇಳಿಸ್ತು ಬಿಡವ್ವಾ," ಎಂದಳು ಲಲಿತಾ.

ಟಿಕೆಟು ಹರಿಯುತ್ತ ನಿಂತಿದ್ದ ಕಂಡಕ್ಟರು ಇದನ್ನೆಲ್ಲ ನೋಡುತ್ತಿದ್ದ. "ಅಲ್ರೀ ಯಜಮಾನ್ರ, ಆ ಯವ್ವಗ ಕಿವಿ ಕೇಳಂಗಿಲ್ಲೇನು?"

"ತಮ್ಮನ ಹೆಂಡ್ತಿ ಅದಾಳಪ್ಪ."

"ಹಂಗನ್ರಿ ಮತ್ತ. ಹಂಗಾರ ಈ ಕೂಸು ಟೆಲಿಫೋನಾ?" ಕಂಡಕ್ಟರು ಮಲ್ಲಿಯ ತಲೆಯ ಮೇಲೆ ಟಿಕೆಟ್ ಯಂತ್ರದಿಂದ ಮೆಲ್ಲಗೆ ಕುಟ್ಟಿದ. "ಬಿಲ್ ಯಾರಿಗಿ ಕಳಿಸ್ಬೇಕವಾ?"

ಬಸ್ಸಿನಲ್ಲಿ ನಗೆ ಎದ್ದಿತು. ಅಯ್ಯಪ್ಪನೂ ನಕ್ಕ. ಮಲ್ಲಿ ಮಾತ್ರ ನಗಲಿಲ್ಲ, ಕಿಟಕಿಯ ಕಡೆ ಮುಖ ಮಾಡಿದಳು. ಹೊರಗೆ ಬಿಡಿಸಿ ಮುಗಿದ ಹತ್ತಿಯ ಹೊಲಗಳು ಓಡುತ್ತಿದ್ದವು. ಕಲ್ಮಲಾ ಹತ್ತಿರ ಅವಳು ಮತ್ತೆ ತಾಯಿಯ ತೋಳು ಹಿಡಿದು, "ಅವ್ವಾ..." ಎಂದು ಶುರುಮಾಡಿದಾಗ ಲಲಿತಾ ಅವಳ ತಲೆಯನ್ನು ತೊಡೆಯ ಮೇಲೆ ಒತ್ತಿಕೊಂಡು, "ಮಲಕ್ಕೋ ಜರಾ," ಎಂದಳು. ಸೋಮವಾರ ಲಲಿತಾಳ ತಲೆಯೊಳಗೆ ಬಂದು ಕೂತಿತ್ತು. ಹಟ್ಟಿ ಎತ್ತಿದ ದಿನ ಬೆಳಗಿನಿಂದ ಸಂಜೆಯ ತನಕ ನಡೆಯಬೇಕು, ನೀರು ಎಲ್ಲಿದೆಯೋ ಅಲ್ಲಿಂದ ಹೊತ್ತು ತರಬೇಕು. ತನ್ನ ಅಂಗಳದಲ್ಲಿಯೇ ನಾಲ್ಕು ಸಲ ಕೂತು ಏಳುವವಳು ಗದ್ದೆಯ ಬದುವಿನ ಮೇಲೆ ಎಲ್ಲಿ ಬಿದ್ದಳೋ ಯಾರಿಗೆ ಗೊತ್ತಾಗಬೇಕು? ಕೈಯಲ್ಲಿ ಕೆಲಸವಿಲ್ಲದೆ ಕೂತರೆ ಹೀಗೇ. ಅವಳು ಮಗಳ ಜಡೆ ಬಿಚ್ಚಿ, ಬಸ್ಸಿನ ಕುಲುಕಾಟದಲ್ಲಿಯೇ ಮತ್ತೆ ಹೆಣೆದಳು. ಹೆಣೆದು ಮುಗಿದ ಮೇಲೆ ಸೊಟ್ಟಗಾಯಿತೆಂದು ಇನ್ನೊಮ್ಮೆ ಬಿಚ್ಚಿದಳು.

ರಾಯಚೂರಿನ ಆ ದವಾಖಾನೆಯ ಹಜಾರ ಸಂತೆಯ ಹಾಗಿತ್ತು. ಅಯ್ಯಪ್ಪ ಯಾರನ್ನೋ ಅಣ್ಣಾ ಎಂದು, ಯಾರನ್ನೋ ಸರ್ ಎಂದು ನಡುವೆ ದಾರಿ ಮಾಡಿಕೊಂಡು ಚೀಟಿ ಮಾಡಿಸಿದ. ನರ್ಸು ಬಂದು ಲಲಿತಾಳ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿ, ಬೆರಳಿಗೆ ಚಿಮಟದಂಥದ್ದೊಂದು ಸಿಕ್ಕಿಸಿ, ಬರೆದುಕೊಂಡು ಹೋದಳು. ಬಸ್ಸಿನಲ್ಲಿ ಕೂತು, ಇಲ್ಲಿ ಬೆಂಚಿನ ಮೇಲೆ ಕೂತು, ಲಲಿತಾಳ ಉಸಿರು ಆ ಹೊತ್ತಿಗೆ ಹದಕ್ಕೆ ಬಂದಿತ್ತು. ಪ್ರತಿ ಸಲವೂ ಹೀಗೇ ಆಗುತ್ತಿತ್ತು. ದವಾಖಾನೆಯ ಬಾಗಿಲಿಗೆ ಬಂದರೆ ಬೇನೆ ಹೊಸ ಮದುಮಗಳ ಹಾಗೆ ಅಡಗಿ ಕೂರುತ್ತಿತ್ತು.

"ನೋಡಿದ್ಯಾ, ನಾರ್ಮಲ್ಲೇ ಅದ," ಎಂದ ಅಯ್ಯಪ್ಪ ಮಲ್ಲಿಗೆ, ಸಮಾಧಾನ ಹೇಳುವ ದನಿಯಲ್ಲಿ. ತಾಯಿ ಮಗಳಿಗೆಂದು ನೀರಿನ ಬಾಟಲಿ ಮತ್ತು ಬಾಳೆಹಣ್ಣು ತಂದುಕೊಟ್ಟ. ಆಮೇಲೆ ತಮ್ಮ ಊರಿನವರೇ ಆದ ಇನ್ನೊಬ್ಬರ ರಕ್ತದ ರಿಪೋರ್ಟು ಇಸಿದುಕೊಳ್ಳಲು ಲ್ಯಾಬಿನ ಕಡೆ ಹೋದ.

ಪಕ್ಕದಲ್ಲಿ ಕೂತಿದ್ದ ಹಣ್ಣುಹಣ್ಣು ಮುದುಕಿಯೊಬ್ಬಳು ಬುರ್ಖಾದ ಮುಸುಕನ್ನು ಹಿಂದಕ್ಕೆ ಹಾಕಿಕೊಂಡು, ಬಾಯಿಗೆ ದಮ್ಮಿನ ಪಂಪು ಇಟ್ಟು ಎಳೆದಳು. ಎಳೆದು ಮುಗಿಸಿ ಲಲಿತಾಳನ್ನು ಮೇಲಿಂದ ಕೆಳಗೆ ನೋಡಿದಳು.

"ನಂದು ದಮ್ಮು. ನಿಂದೇನವಾ?"

"ಏನೋ ಗೊತ್ತಿಲ್ರಿ."

"ಗೊತ್ತಿಲ್ದ ಬ್ಯಾನಿ ಭಾಳ ಕೆಟ್ಟದ್ದು. ನಾ ದಾವಲ್ ಬೀ, ಮಾನ್ವಿ. ನನ್ನ ದಮ್ಮಿನ ವಯಸ್ಸು ನಿನ್ನ ವಯಸ್ಸಿಗಿಂತ ಜಾಸ್ತಿ ಅದ. ಹೇಳು, ಯಾವಾಗ ಬರ್ತದ?"

ಇಷ್ಟು ದಿನ ಯಾರೂ ಹಾಗೆ ಕೇಳಿರಲಿಲ್ಲ, ಯಾವಾಗ ಬರುತ್ತದೆ ಎಂದು. ಲಲಿತಾ ಲ್ಯಾಬಿನ ಕಡೆ ಒಮ್ಮೆ ನೋಡಿದಳು. ಆಮೇಲೆ ಅವಳಿಗೇ ಗೊತ್ತಿಲ್ಲದ ಹಾಗೆ ಮಾತು ಹರಿಯಿತು. ದಂಡೆ ಹತ್ತುವಾಗಿನದು, ರೊಟ್ಟಿ ಬಡಿಯುವಾಗಿನದು, ಮಲಗಿದರೆ ಚೀಲ ಹೇರಿದಂತಾಗುವುದು, ಎದ್ದು ಕೂತರೆ ಇಳಿಯುವುದು. ಎಡ ಎದೆಯಲ್ಲಿ ಹಿಡಿದದ್ದು ಕೆಲವು ಸಲ ಭುಜದ ತನಕ ಹೋಗುವುದು. ಸಂಜೆಯ ಹೊತ್ತಿಗೆ ಕಾಲ್ಗೆಜ್ಜೆ ಬಿಗಿಯುವುದು. ತಾನು ಚಿಕ್ಕವಳಿದ್ದಾಗ ಜ್ವರ ಬಂದು, ಮೊಣಕಾಲು ಮಣಿಕಟ್ಟು ಬಾತು, ತಿಂಗಳುಗಟ್ಟಲೆ ಅಪ್ಪ ಹೆಗಲ ಮೇಲೆ ಹೊತ್ತುಕೊಂಡು ತಿರುಗಿದ್ದೂ ನೆನಪಿಗೆ ಬಂತು, ಅದನ್ನೂ ಹೇಳಿದಳು. "ನನಗ ಉಸಿರು ತಗೊಳ್ಳೋದ ಒಂದು ಕೂಲಿ ಆಗ್ಯಾದ ನೋಡ್ರಿ ಯವ್ವಾ. ದಿನಾ ದುಡಿತೀನಿ, ಮುಗಿಯಂಗಿಲ್ಲ."

ದಾವಲ್ ಬೀ ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಲಲಿತಾಳ ಮೊಣಕೈ ಮೇಲೆ ಕೈಯಿಟ್ಟು, "ಅಲ್ಲಾ... ಇಷ್ಟು ಹೊತ್ಕೊಂಡು ಕುಂತಿಯಲ್ಲ," ಎಂದಳು. "ಹೇಳು ತಾಯಿ. ಹಿಂಗ, ನನಗ ಹೇಳಿದಂಗ, ಡಾಕ್ಟರಮ್ಮಗ ಹೇಳು. ಒಂದೂ ಬಿಡಬ್ಯಾಡ."

ಬಾಳೆಹಣ್ಣಿನ ಸಿಪ್ಪೆ ಹಿಡಿದುಕೊಂಡು ಮಲ್ಲಿ ತಾಯಿಯ ಬಾಯಿಯನ್ನೇ ನೋಡುತ್ತಿದ್ದಳು. ಮನೆಯಲ್ಲಿ ತಾಯಿಯ ಮಾತುಗಳನ್ನೆಲ್ಲ ಹೊತ್ತು ತಿರುಗುವವಳು ಅವಳೇ. ಇವುಗಳಲ್ಲಿ ಒಂದನ್ನೂ ಅವ್ವ ಅವಳ ಕೈಗೆ ಕೊಟ್ಟಿರಲಿಲ್ಲ.

ಅಯ್ಯಪ್ಪ ಬರುವುದು ಕಂಡಿತು. ಲಲಿತಾ ಸೆರಗು ಎಳೆದುಕೊಂಡಳು. ಆದರೆ ದಾವಲ್ ಬೀಯ ಮಾತು ಒಳಗೆ ಉಳಿದಿತ್ತು. ಇವತ್ತು ಹೇಳಬೇಕು. ಭಾವ ಹೊರಗೇ ಉಳಿದರೆ ಹೇಳಿಬಿಡಬಹುದು. ಡಾಕ್ಟರಮ್ಮ ಹೆಂಗಸೇ ಅಲ್ಲವೇ? ಯಾವುದರಿಂದ ಶುರುಮಾಡುವುದು? ದಂಡೆಯಿಂದಲೇ? ಮಲಗುವುದರಿಂದಲೇ? ಅವಳು ಮನಸ್ಸಿನಲ್ಲಿಯೇ ಮಾತು ಜೋಡಿಸಿದಳು, ಕೆಡಿಸಿದಳು, ಮತ್ತೆ ಜೋಡಿಸಿದಳು. ಎದೆ ಎನ್ನುವ ಶಬ್ದದ ಹತ್ತಿರ ಬಂದಾಗಲೆಲ್ಲ ಮೊದಲಿನಿಂದ ಶುರುಮಾಡುತ್ತಿದ್ದಳು. ಬೆಂಚಿನ ತುದಿಗೆ ಸರಿದು ಕೂತಳು, ಎದ್ದಳು, ಮತ್ತೆ ಕೂತಳು.

"ಲಲಿತಾ, ದೇವದುರ್ಗ!" ಎಂದು ಕೂಗಿದರು.

ಎಲ್ಲರಿಗಿಂತ ಮೊದಲು ಒಳಗೆ ಹೋದದ್ದು ಅಯ್ಯಪ್ಪ. ಕವರಿನಿಂದ ಕಾಗದ ತೆಗೆದು ಟೇಬಲ್ಲಿನ ಮೇಲೆ ಜೋಡಿಸಿ, "ನಮಸ್ಕಾರ್ರಿ ಮೇಡಂ," ಎನ್ನುತ್ತ ಡಾಕ್ಟರ ಪಕ್ಕ ರೋಗಿಗೆಂದು ಇಟ್ಟಿದ್ದ ಸ್ಟೂಲಿನ ಮೇಲೆ ಕೂತ. ಲಲಿತಾ ಬಾಗಿಲ ಹತ್ತಿರ ಗೋಡೆಗೆ ಆತು ನಿಂತಳು. ಮಲ್ಲಿ ಅವಳಿಗೂ ಟೇಬಲ್ಲಿಗೂ ನಡುವೆ ನಿಂತಳು.

ಡಾಕ್ಟರಮ್ಮನಿಗೆ ಬೆಳಗಿನಿಂದ ಬಿಡುವಿಲ್ಲದ ಮುಖವಿತ್ತು. ನರ್ಸು ಬರೆದದ್ದರ ಮೇಲೆ ಕಣ್ಣಾಡಿಸಿ, "ಏನು ತೊಂದರೆ?" ಎಂದು ಕೇಳಿದರು.

"ಮ್ಯಾಲ್‌ಹೊಟ್ಟಿ ಬ್ಯಾನಿರಿ ಮೇಡಂ. ಗ್ಯಾಸಿಂದು. ಎರಡು ಕಡೆ ತೋರ್ಸೀವ್ರಿ. ಎಲ್ಲಾ ನಾರ್ಮಲ್ ಅಂತಾರ್ರಿ."

"ಊಟ ಆದ್ಮೇಲೆ ಬರುತ್ತಾ, ಖಾಲಿ ಹೊಟ್ಟೇಲಾ?"

ಗೊತ್ತಿಲ್ಲ ಎನ್ನುವುದು ಅಯ್ಯಪ್ಪನ ಬಾಯಿಗೆ ರೂಢಿಯಿರಲಿಲ್ಲ. "ಉಂಡ ಮ್ಯಾಲ್ರಿ. ಖಾರ ಭಾಳ ತಿಂತಾರ್ರಿ ನಮ್ಮ ಮಂದಿ."

ಡಾಕ್ಟರಮ್ಮ ಬರೆದರು. "ಉಬ್ಬಸ, ಉಸಿರಿನ ತೊಂದರೆ ಏನಾದ್ರೂ?"

"ಕೆಲಸ ಮಾಡಿದ್ರ ತೇಕ್ತಾರಲ್ರಿ ಎಲ್ಲಾರೂ, ಅಷ್ಟ ರೀ."

ಲಲಿತಾ ಬಾಯಿ ತೆರೆದಳು. ಹಜಾರದಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳು ಗಂಟಲಿನ ತನಕ ಬಂದವು. ಎದುರಿಗೆ ಭಾವನ ಬಿಳಿ ಅಂಗಿಯ ಬೆನ್ನು, ಎಣ್ಣೆ ಹಚ್ಚಿ ಬಾಚಿದ ನರೆತಲೆ ಕಂಡವು. ಮಾತುಗಳು ಅಲ್ಲಿಯೇ ನಿಂತವು. ಎದೆಯೊಳಗೆ ಹೆಬ್ಬೆರಳು ಮೆಲ್ಲಗೆ ಒತ್ತತೊಡಗಿತು. ಅವಳು ಮಗಳ ಭುಜ ಹಿಡಿದುಕೊಂಡಳು.

"ರಾತ್ರಿ ನಿದ್ದೆ?"

"ಚಲೋ ಮಾಡ್ತಾಳ್ರಿ," ಎಂದ ಅಯ್ಯಪ್ಪ. ಅದರಲ್ಲಿ ಸುಳ್ಳು ಹೇಳುವ ಉದ್ದೇಶವಿರಲಿಲ್ಲ. ತಮ್ಮನ ಮನೆಯ ಹೆಣ್ಣುಮಗಳ ಬಗ್ಗೆ ಒಳ್ಳೆಯದನ್ನೇ ಹೇಳಬೇಕೆಂಬ ಮರ್ಯಾದೆಯಿತ್ತು. "ಮನಸ್ಸಿಗಿ ಹಚ್ಕೊಂಡಾಳ್ರಿ, ಅಷ್ಟ. ಸೋಮವಾರ ಗಂಡನ ಬಲ್ಲಿ ಕಳಿಸ್ತೀವ್ರಿ, ಕುರಿಹಟ್ಟಿಗಿ. ಹೋಗಬಹುದಲ್ರಿ?"

"ಹೋಗಬಹುದು, ಏನೂ ತೊಂದರೆ ಇಲ್ಲ," ಎನ್ನುತ್ತ ಡಾಕ್ಟರಮ್ಮ ಗುಳಿಗೆಯ ಚೀಟಿ ಹತ್ತಿರಕ್ಕೆ ಎಳೆದುಕೊಂಡರು.

ಮಲ್ಲಿ ತಲೆಯೆತ್ತಿ ತಾಯಿಯನ್ನು ನೋಡಿದಳು. ಭುಜದ ಮೇಲಿನ ಬೆರಳುಗಳು ಬಿಗಿಯಾಗಿ, ಸಡಿಲವಾಗಿ, ಮತ್ತೆ ಬಿಗಿಯಾದವು. ಅವ್ವ ಏನಾದರೂ ಕೊಡುತ್ತಾಳೆ, ಹೊತ್ತುಕೊಂಡು ಹೋಗಿ ಮುಟ್ಟಿಸಬೇಕು ಎಂದು ಅವಳು ಕಾದಳು. ಅವ್ವನ ತುಟಿ ಬರೀ ಅಲುಗಿತು.

"ಒಂದು ಕೇಳ್ಲಿ?" ಎಂದಳು ಮಲ್ಲಿ. ಈ ಸಲ ತಾಯಿಯನ್ನು ಕೇಳಿದ್ದಲ್ಲ.

ಇಲ್ಲಿ, ಎಲ್ಲರ ಮುಂದೆ, ಬಾಲಮ್ಮನ ಹೆಸರೆತ್ತಿ ಕೇಳಿಬಿಡುತ್ತಾಳೆ ಎಂದು ಲಲಿತಾ ಮಗಳ ಬಾಯಿ ಮುಚ್ಚಲು ಕೈ ಚಾಚಿದಳು. ಕೈ ತಲುಪಲಿಲ್ಲ, ಹುಡುಗಿ ಅಷ್ಟರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ ಟೇಬಲ್ಲಿನ ಅಂಚು ಹಿಡಿದು ನಿಂತಿದ್ದಳು.

"ಏನಮ್ಮಾ?" ಎಂದರು ಡಾಕ್ಟರಮ್ಮ, ಬರೆಯುತ್ತಲೇ.

"ಮೇಡಮ್ಮರ, ಬ್ಯಾನಿ ಇರೋದು ನಮ್ಮವ್ವಗರಿ. ನೀವು ದೊಡ್ಡಪ್ಪಗ ಯಾಕ ಕೇಳಾಕತ್ತೀರಿ?"

ಪೆನ್ನು ನಿಂತಿತು. ಅಯ್ಯಪ್ಪ ತಾನು ಕೂತಿದ್ದ ಸ್ಟೂಲನ್ನು ಒಮ್ಮೆ ಬಗ್ಗಿ ನೋಡಿದ.